ಮರಳಿ ಬರುವ ನೀರು: ಉಗಿತಾಪನ ವ್ಯವಸ್ಥೆಯಲ್ಲಿ ವಿದ್ಯುತ್ ಪಂಪು

ಉಗಿಯ ಚರಿತ್ರೆಯನ್ನು ಬೋಧಿಸುವಾಗ ನಾವು ಸಾಮಾನ್ಯವಾಗಿ ಅದು ಬಾಯ್ಲರಿನಿಂದ ಹೊರಟು ನಡೆಸಿದ ಸಾಹಸಗಳನ್ನಷ್ಟೆ ಹೇಳುತ್ತೇವೆ. ಗಣಿಯ ನೀರನ್ನೆತ್ತಿದ್ದು, ಗಿರಣಿಯನ್ನು ತಿರುಗಿಸಿದ್ದು, ರೈಲುಬಂಡಿಯನ್ನು ಎಳೆದದ್ದು, ಹಡಗನ್ನು ನಡೆಸಿದ್ದು ಇವೇ ಪಠ್ಯಪುಸ್ತಕಗಳ ವಸ್ತು. ಕೆಲಸ ಮುಗಿಸಿದ ಉಗಿ ತಣಿದು ನೀರಾದ ಮೇಲೆ ಆ ನೀರು ಏನಾಯಿತು, ಹೊರಟ ಸ್ಥಳಕ್ಕೆ ಅದು ಹೇಗೆ ಹಿಂದಿರುಗಿತು ಎಂಬ ಪ್ರಶ್ನೆಯನ್ನು ಚರಿತ್ರಕಾರರು ಕೇಳಿದ್ದು ಕಡಮೆ. ಎಂಜಿನಿಯರರಾದರೋ ಈ ಪ್ರಶ್ನೆಯನ್ನು ಎರಡು ಶತಮಾನಗಳಿಂದ ಬಿಡದೆ ಕೇಳುತ್ತ ಬಂದಿದ್ದಾರೆ. ಅವರಿಗೆ ಕೇಳದೆ ವಿಧಿಯಿಲ್ಲ. ನೀರು ಹಿಂದಿರುಗದಿದ್ದರೆ ಬಾಯ್ಲರು ಬರಿದಾಗುತ್ತದೆ. ಬರಿದಾದ ಬಾಯ್ಲರಿನ ಕೆಳಗೆ ಬೆಂಕಿ ಉರಿಯುತ್ತಲೇ ಇದ್ದರೆ ಅದರ ಲೋಹ ಕೆಂಪಗೆ ಕಾಯುತ್ತದೆ. ಆ ಸ್ಥಿತಿಯಲ್ಲಿ ಯಾರಾದರೂ ಗಾಬರಿಯಿಂದ ತಣ್ಣೀರನ್ನು ಒಳಕ್ಕೆ ಬಿಟ್ಟರೆ ಆಗುವ ಅನಾಹುತವನ್ನು ವರ್ಣಿಸಬೇಕಾಗಿಲ್ಲ.

ಚಳಿಯ ದೇಶಗಳ, ಮುಖ್ಯವಾಗಿ ಅಮೆರಿಕ ಸಂಯುಕ್ತ ಸಂಸ್ಥಾನಗಳ, ಕಟ್ಟಡಗಳನ್ನು ಬೆಚ್ಚಗಿಡಲು ಬಳಕೆಗೆ ಬಂದ ಉಗಿತಾಪನ ವ್ಯವಸ್ಥೆಯಲ್ಲಿ ಈ ಹಿಂದಿರುಗುವ ನೀರಿನ ಪಾಡೇನಾಯಿತೆಂಬುದು ಪ್ರಕೃತ ಲೇಖನದ ವಿಷಯ. ನೀರನ್ನು ಬಾಯ್ಲರಿಗೆ ಮರಳಿ ತಳ್ಳುವ ವಿದ್ಯುತ್ ಪಂಪು ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ರೂಢಿಗೆ ಬಂದಿತು. ಅದು ಕಟ್ಟಡವನ್ನು ಗುರುತ್ವದ ಹಂಗಿನಿಂದ ಬಿಡಿಸಿತೆಂಬುದು ನಿಜ. ಆದರೆ ಆ ಪಂಪು ಯಾರ ಅಪ್ಪಣೆಯಂತೆ ನಡೆಯಬೇಕು, ನೀರು ಬಂದು ಸೇರುವ ತೊಟ್ಟಿಯ ಅಪ್ಪಣೆಯಂತೆಯೊ, ನೀರು ಬೇಕಾಗಿರುವ ಬಾಯ್ಲರಿನ ಅಪ್ಪಣೆಯಂತೆಯೊ, ಎಂಬ ಹೊಸ ಪ್ರಶ್ನೆಯನ್ನೂ ಅದೇ ಹುಟ್ಟಿಸಿತು. ನನ್ನ ಅಭಿಪ್ರಾಯದಲ್ಲಿ ವಿಷಯದ ಮರ್ಮವಿರುವುದು ಇಲ್ಲಿಯೇ. ಯಂತ್ರದ ನಡೆಯನ್ನು ತಿಳಿಯದೆ ಯಂತ್ರದ ಚರಿತ್ರೆಯನ್ನು ಬರೆಯಲಾಗದಾದ್ದರಿಂದ ನಡುವೆ ಬರುವ ಕೆಲವು ಲೆಕ್ಕಗಳನ್ನು ವಾಚಕರು ಸಹಿಸಿಕೊಳ್ಳಬೇಕು.

ಮೊದಲು ಉಗಿತಾಪನವೆಂದರೇನೆಂಬುದನ್ನು ನೋಡೋಣ. ನಮ್ಮ ಅಡಿಗೆಮನೆಯ ಇಡ್ಲಿಪಾತ್ರೆಯನ್ನು ನೆನೆದರೆ ಸಾಕು. ತಳದಲ್ಲಿ ಕುದಿಯುವ ನೀರು ಹಬೆಯಾಗಿ ಮೇಲೇಳುತ್ತದೆ. ಮುಚ್ಚಳವನ್ನು ತಾಕಿ ತನ್ನ ಶಾಖವನ್ನು ಅದಕ್ಕೆ ಕೊಟ್ಟು ಹನಿಯಾಗುತ್ತದೆ. ಹನಿಗಳು ಕೂಡಿ ಮತ್ತೆ ತಳಕ್ಕೆ ಇಳಿಯುತ್ತವೆ. ಮುಚ್ಚಳವನ್ನು ತಳದಿಂದ ದೂರಮಾಡಿ, ನಾಲ್ಕನೆಯ ಅಂತಸ್ತಿನ ಕೋಣೆಯಲ್ಲಿಟ್ಟು, ನಡುವೆ ಕಬ್ಬಿಣದ ಕೊಳವೆಯನ್ನು ಜೋಡಿಸಿದರೆ ಅದೇ ಉಗಿತಾಪನ; ಆ ದೂರದ ಮುಚ್ಚಳಕ್ಕೆ ರೇಡಿಯೇಟರೆಂದು ಹೆಸರು. ಹನಿಯಾದ ನೀರನ್ನು ಎಂಜಿನಿಯರರು ಕಂಡೆನ್ಸೇಟ್ ಎನ್ನುತ್ತಾರೆ. ಅದನ್ನು ಮುಂದೆ ‘ಉಗಿನೀರು’ ಎಂದು ಕರೆಯುತ್ತೇನೆ.

ಈ ಉಗಿನೀರನ್ನು ಹೊರಗೆ ಚೆಲ್ಲಿ ಬಾಯ್ಲರಿಗೆ ಹೊಸ ನೀರನ್ನು ತುಂಬಬಾರದೇಕೆ? ಇದಕ್ಕೆ ಉತ್ತರ ಎರಡು ಬಗೆ. ಮೊದಲನೆಯದು ಶಾಖದ ಲೆಕ್ಕ. ಒಂದು ಕಿಲೋಗ್ರಾಂ ನೀರನ್ನು 0 ಡಿಗ್ರಿಯಿಂದ 100 ಡಿಗ್ರಿ ಸೆಂಟಿಗ್ರೇಡಿಗೆ ಏರಿಸಲು ಸುಮಾರು 419 ಕಿಲೋಜೂಲು ಶಾಖ ಬೇಕು. ಕುದಿಯುತ್ತಿರುವ ಅದೇ ನೀರನ್ನು ಉಗಿಯಾಗಿಸಲು ಮತ್ತೆ 2257 ಕಿಲೋಜೂಲು ಬೇಕು. ಈ ಎರಡನೆಯದಕ್ಕೆ ಗುಪ್ತೋಷ್ಣವೆಂದು ಹೆಸರು. ರೇಡಿಯೇಟರು ಕೋಣೆಗೆ ಕೊಡುವುದು ಮುಖ್ಯವಾಗಿ ಇದನ್ನೇ. ಮೊದಲಿನ ಪಾಲು ಉಗಿನೀರಿನಲ್ಲಿಯೇ ಉಳಿದಿರುತ್ತದೆ. 80 ಡಿಗ್ರಿಯ ಉಗಿನೀರನ್ನು ಚರಂಡಿಗೆ ಬಿಟ್ಟು 15 ಡಿಗ್ರಿಯ ಹೊಸ ನೀರನ್ನು ತುಂಬಿದರೆ ಸೌದೆಯಲ್ಲಾಗಲಿ ಕಲ್ಲಿದ್ದಲಿನಲ್ಲಾಗಲಿ ಹತ್ತರಲ್ಲೊಂದು ಪಾಲು ವ್ಯರ್ಥವಾದಂತೆ. ಎರಡನೆಯದು ನೀರಿನ ಗುಣದ ವಿಚಾರ. ಉಗಿನೀರು ಬಟ್ಟಿಯಿಳಿಸಿದ ನೀರು; ಅದರಲ್ಲಿ ಸುಣ್ಣವಿಲ್ಲ, ಉಪ್ಪಿಲ್ಲ. ಹೊಸ ನೀರಾದರೋ ಬರುವಾಗ ಕರಗಿದ ಲವಣಗಳನ್ನೂ ಆಮ್ಲಜನಕವನ್ನೂ ತರುತ್ತದೆ. ಲವಣಗಳು ಬಾಯ್ಲರಿನ ಒಳಮೈಗೆ ಹೆಕ್ಕಳಿಕೆಯಾಗಿ ಅಂಟುತ್ತವೆ. ಅವುಗಳಲ್ಲಿನ ಬೈಕಾರ್ಬೊನೇಟುಗಳು ಒಡೆದು ಇಂಗಾಲದ ಡೈಆಕ್ಸೈಡು ಹೊರಟು, ಉಗಿಯೊಡನೆ ಪ್ರಯಾಣಮಾಡಿ, ಉಗಿನೀರಿನಲ್ಲಿ ಕರಗಿ ದುರ್ಬಲವಾದ ಆಮ್ಲವಾಗಿ ಹಿಂದಿರುಗುವ ಕೊಳವೆಗಳ ತಳವನ್ನೇ ಕೊರೆಯುತ್ತದೆ. ಕೊರೆದ ಕೊಳವೆ ಸೋರುತ್ತದೆ. ಸೋರಿದಷ್ಟೂ ಹೊಸ ನೀರು ಬೇಕಾಗುತ್ತದೆ. ಹೊಸ ನೀರು ಬಂದಷ್ಟೂ ಕೊಳವೆ ಕೊರೆಯುತ್ತದೆ. ಬಡ್ಡಿಗೆ ಬಡ್ಡಿ ಬೆಳೆಯುವ ಸಾಲದಂತೆ ಇದು ಒಮ್ಮೆ ಮೊದಲಾದರೆ ನಿಲ್ಲಿಸುವುದು ಕಷ್ಟ.

ಉಗಿಯಿಂದ ಮನೆಯನ್ನು ಬೆಚ್ಚಗಿಡುವ ಆಲೋಚನೆ ಹಳೆಯದು. ವಿಲಿಯಂ ಕುಕ್ ಎಂಬಾತ ಅಡಿಗೆಮನೆಯ ಒಲೆಯಿಂದ ಉಗಿಯನ್ನು ಕೊಳವೆಯ ಮೂಲಕ ಎಲ್ಲ ಕೋಣೆಗಳಿಗೂ ಹರಿಸುವ ಸೂಚನೆಯನ್ನು 1745ರಲ್ಲಿಯೇ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದ್ದನು. ಜೇಮ್ಸ್ ವಾಟನು 1784ರಲ್ಲಿ ತನ್ನ ಕೆಲಸದ ಕೋಣೆಯನ್ನು ಉಗಿಯಿಂದ ಕಾಯಿಸಿ ನೋಡಿದನು. ಹತ್ತಿಯ ಗಿರಣಿಗಳಲ್ಲಿ ಇದು ಬೇಗನೆ ಬೇರೂರಿತು. ಹತ್ತಿಯ ಧೂಳು ತುಂಬಿದ ಕಟ್ಟಡದಲ್ಲಿ ಬಯಲು ಬೆಂಕಿಯನ್ನಿಡುವುದು ಅಪಾಯವಷ್ಟೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಸ್ಯಾಲ್ಫರ್ಡಿನಲ್ಲಿ ಕಟ್ಟಿದ ಒಂದು ಪ್ರಸಿದ್ಧ ಗಿರಣಿಯಲ್ಲಿ ಮಾಳಿಗೆಯನ್ನು ಹೊತ್ತ ಎರಕದ ಕಬ್ಬಿಣದ ಕಂಬಗಳೇ ಪೊಳ್ಳಾಗಿದ್ದು, ಉಗಿಯ ಕೊಳವೆಗಳ ಕೆಲಸವನ್ನೂ ಮಾಡುತ್ತಿದ್ದವು. ಇಷ್ಟಾದರೂ ಇಂಗ್ಲೆಂಡಿನ ಮನೆಗಳು ಬೆಂಕಿಗೂಡನ್ನು ಬಿಡಲಿಲ್ಲ. ಬಿಟ್ಟ ಕಡೆ ಬಿಸಿನೀರಿನ ಕೊಳವೆಗಳನ್ನು ಹಿಡಿದವು. ಉಗಿ ಮನೆಮಾಡಿಕೊಂಡದ್ದು ಅಮೆರಿಕದಲ್ಲಿ. 1840ರ ದಶಕದಲ್ಲಿ ಜೋಸೆಫ್ ನೇಸನ್ ಮತ್ತು ಜೇಮ್ಸ್ ವಾಲ್ವರ್ತ್ ಎಂಬಿಬ್ಬರು ಸಣ್ಣ ಕಬ್ಬಿಣದ ಕೊಳವೆಗಳಿಂದ ಕಟ್ಟಡಗಳಿಗೆ ಉಗಿಯನ್ನು ಹಂಚುವ ಉದ್ಯಮವನ್ನು ಅಲ್ಲಿ ಹೂಡಿದರು. ಮುಂದೆ ಕಟ್ಟಡಗಳು ಮುಗಿಲಿಗೇರಿದಾಗ ಉಗಿಗೆ ಮತ್ತೊಂದು ಅನುಕೂಲ ಒದಗಿತು. ಬಿಸಿನೀರು ತುಂಬಿದ ಕೊಳವೆಯಲ್ಲಿ ಎತ್ತರ 2.31 ಅಡಿ ಹೆಚ್ಚಿದಂತೆಲ್ಲ ತಳದಲ್ಲಿ ಚದರ ಅಂಗುಲಕ್ಕೆ ಒಂದು ಪೌಂಡು ಒತ್ತಡ ಹೆಚ್ಚುತ್ತದೆ. 500 ಅಡಿಯ ಕಟ್ಟಡದ ತಳದ ರೇಡಿಯೇಟರು ಇನ್ನೂರಕ್ಕೂ ಹೆಚ್ಚು ಪೌಂಡುಗಳ ಒತ್ತಡವನ್ನು ತಾಳಬೇಕಾಗುತ್ತದೆ. ಎರಕದ ಕಬ್ಬಿಣಕ್ಕೆ ಅದು ತಡೆಯಲಾರದ ಭಾರ. ಉಗಿಗೆ ಅಂಥ ತೂಕವಿಲ್ಲ. ಎಷ್ಟು ಎತ್ತರಕ್ಕಾದರೂ ಹಗುರವಾಗಿ ಏರುತ್ತದೆ.

ಏರಿದ್ದು ಇಳಿಯಬೇಕಲ್ಲವೆ? ಮೊದಲ ಕಾಲದ ವ್ಯವಸ್ಥೆಗಳಲ್ಲಿ ಇಳಿಸುವ ಕೆಲಸ ಗುರುತ್ವದ್ದು. ಮನೆಯಷ್ಟು ಗಾತ್ರದ ಕಟ್ಟಡಗಳಲ್ಲಿ ಒಂದೇ ಕೊಳವೆಯಲ್ಲಿ ಉಗಿ ಮೇಲಕ್ಕೂ ನೀರು ಕೆಳಕ್ಕೂ ಹರಿಯುತ್ತಿದ್ದವು. ಕೊಳವೆಯ ಕೊನೆಯಿಂದ ನೀರು ನೆಲಮಾಳಿಗೆಗೆ ಇಳಿದು, ಬಾಯ್ಲರಿನ ತಳವನ್ನು ಸೇರುತ್ತಿತ್ತು. ಸರಳವಾಗಿ ತೋರುವ ಈ ಏರ್ಪಾಟಿನಲ್ಲಿ ಒಂದು ಕಟ್ಟುಪಾಡಿದೆ. ಬಾಯ್ಲರಿನೊಳಗೆ ಒತ್ತಡವಿದೆ, ಉಗಿ ದೂರ ಹರಿದಂತೆ ಆ ಒತ್ತಡದ ಒಂದಂಶ ಸವೆಯುತ್ತದೆ. ಹಾಗಾಗಿ ಹಿಂದಿರುಗುವ ತುದಿಯಲ್ಲಿ ಒತ್ತಡ ಕಡಮೆ, ಬಾಯ್ಲರಿನಲ್ಲಿ ಹೆಚ್ಚು. ಕಡಮೆಯ ಕಡೆಯಿಂದ ಹೆಚ್ಚಿನ ಕಡೆಗೆ ನೀರು ತಾನಾಗಿ ಹೋಗಬೇಕಾದರೆ ಆ ಕೊರತೆಯನ್ನು ನೀರಿನ ಎತ್ತರವೇ ತುಂಬಿಕೊಡಬೇಕು. ಒಂದು ಪೌಂಡಿನ ಕೊರತೆಗೆ ಸುಮಾರು 28 ಅಂಗುಲ ಎತ್ತರದ ನೀರು ಬೇಕು. ಸಾಮಾನ್ಯವಾದ ಮನೆಯಲ್ಲಿ ಸವೆಯುವ ಒತ್ತಡ ಅರ್ಧ ಪೌಂಡೆಂದಿಟ್ಟುಕೊಂಡರೆ ಅದಕ್ಕೆ 14 ಅಂಗುಲ. ನೀರು ನಿಲ್ಲದೆ ಚಲಿಸಲು ಮೂರು ನಾಲ್ಕು ಅಂಗುಲ. ಬೆಳಗಿನ ಚಳಿಯಲ್ಲಿ ಒಮ್ಮೆಗೇ ಹೆಚ್ಚು ಉಗಿ ತಣಿಯುವುದಕ್ಕೆಂದು ಮುಂಜಾಗ್ರತೆಯಾಗಿ ಉಳಿದಷ್ಟು. ಒಟ್ಟು 28 ಅಂಗುಲ. ಬಾಯ್ಲರಿನ ನೀರಿನ ಮಟ್ಟಕ್ಕಿಂತ ಇಷ್ಟು ಮೇಲೆಯೇ ಉಗಿಯ ದೊಡ್ಡ ಕೊಳವೆ ಕೊನೆಗೊಳ್ಳಬೇಕೆಂಬುದು ಆ ಕುಶಲಕರ್ಮಿಗಳ ನಿಯಮವಾಗಿತ್ತು.

ಇದರ ಪರಿಣಾಮವನ್ನು ಹಳೆಯ ಕಟ್ಟಡಗಳಲ್ಲಿ ಇಂದಿಗೂ ಕಣ್ಣಾರೆ ಕಾಣಬಹುದು. ಬಾಯ್ಲರು ಇಡೀ ಕಟ್ಟಡದಲ್ಲಿ ಎಲ್ಲಕ್ಕಿಂತ ಕೆಳಗಿರಬೇಕು. ನೆಲಮಾಳಿಗೆಯ ಆಳ ಸಾಲದಾದಾಗ ಅದರ ನೆಲವನ್ನೇ ಅಗೆದು ಗುಂಡಿ ತೋಡಿ ಬಾಯ್ಲರನ್ನು ಅದರೊಳಗೆ ಕೂರಿಸುತ್ತಿದ್ದರು. ಶಾಸನ, ಕಡತಗಳನ್ನು ಹುಡುಕುವ ನಮಗೆ ಈ ಗುಂಡಿಯೂ ಒಂದು ದಾಖಲೆಯೆಂದು ತೋರಬೇಕು: ಇಲ್ಲಿ ನೀರು ಪಂಪಿಲ್ಲದೆ ಹಿಂದಿರುಗುತ್ತಿತ್ತೆಂಬುದಕ್ಕೆ ಅದೊಂದು ಪ್ರಬಲವಾದ ಕುರುಹು.

ಗುರುತ್ವದ ವ್ಯವಸ್ಥೆಗೆ ತನ್ನದೇ ಆದ ಅಪಾಯವೂ ಇತ್ತು. ಹಿಂದಿರುಗುವ ಕೊಳವೆ ಬಾಯ್ಲರಿನ ತಳಕ್ಕೆ ಕೂಡಿದ್ದರಿಂದ ನೆಲದಲ್ಲಿ ಹೂತ ಆ ಕೊಳವೆ ತೂತಾದರೆ ಬಾಯ್ಲರಿನ ನೀರೆಲ್ಲ ಅದರ ಮೂಲಕ ಸೋರಿಹೋಗುತ್ತಿತ್ತು. ಇದಕ್ಕೆ ಪರಿಹಾರವನ್ನು ಬಳಕೆಗೆ ತಂದದ್ದು ಯಂತ್ರ ತಯಾರಕರಲ್ಲ, ಒಂದು ವಿಮಾ ಕಂಪನಿಯೆಂಬುದು ಸ್ವಾರಸ್ಯದ ಸಂಗತಿ. 1865ರಲ್ಲಿ ಮಿಸಿಸಿಪಿ ನದಿಯಲ್ಲಿ ‘ಸುಲ್ತಾನ’ ಎಂಬ ಹಡಗಿನ ಬಾಯ್ಲರುಗಳು ಸಿಡಿದು ಸಾವಿರಕ್ಕೂ ಹೆಚ್ಚು ಜನ ಮಡಿದರು. ಮರುವರ್ಷ, 1866ರಲ್ಲಿ, ಬಾಯ್ಲರುಗಳನ್ನು ಪರೀಕ್ಷಿಸಿ ವಿಮೆ ನೀಡುವ ಕಂಪನಿಯೊಂದು ಹಾರ್ಟ್‌ಫರ್ಡ್ ನಗರದಲ್ಲಿ ಸ್ಥಾಪಿತವಾಯಿತು. ಹಿಂದಿರುಗುವ ಕೊಳವೆಯನ್ನು ನೇರವಾಗಿ ತಳಕ್ಕೆ ಕೂಡಿಸದೆ, ಬಾಯ್ಲರಿನ ನೀರಿನ ಮಟ್ಟಕ್ಕಿಂತ ಎರಡಂಗುಲದಷ್ಟು ಮಾತ್ರ ಕೆಳಗಿರುವಂತೆ ಮೇಲಕ್ಕೆ ಬಳಸಿ ತಂದು, ಉಗಿಯ ಕಡೆಯಿಂದ ಇಳಿಯುವ ಮತ್ತೊಂದು ಕೊಳವೆಗೆ ಕೂಡಿಸಬೇಕೆಂದು ಆ ಕಂಪನಿ 1919ರ ಸುಮಾರಿಗೆ ವಿಧಿಸಿತು. ಹಾಗೆ ಮಾಡಿದರೆ ಕೊಳವೆ ಎಲ್ಲಿ ಒಡೆದರೂ ನೀರು ಆ ಮಟ್ಟದವರೆಗೆ ಮಾತ್ರ ಇಳಿದು ನಿಲ್ಲುತ್ತದೆ. ‘ಹಾರ್ಟ್‌ಫರ್ಡ್ ಬಳಸು’ ಎನ್ನಬಹುದಾದ ಈ ಜೋಡಣೆ ಇಂದಿಗೂ ರೂಢಿಯಲ್ಲಿದೆ.

ಇನ್ನು ಪಂಪಿನ ಅಗತ್ಯ ಹುಟ್ಟಿದ್ದು ಹೇಗೆ? ಕಟ್ಟಡಗಳು ದೊಡ್ಡವಾದಂತೆ ಉಗಿಗೊಂದು, ನೀರಿಗೊಂದು ಎಂದು ಎರಡು ಕೊಳವೆಗಳನ್ನು ಹಾಕತೊಡಗಿದರು. ಪ್ರತಿಯೊಂದು ರೇಡಿಯೇಟರಿನ ಬಾಯಲ್ಲಿ ಟ್ರ್ಯಾಪ್ ಎಂಬ ಸಣ್ಣ ಸಾಧನವನ್ನಿಟ್ಟರು. ಅದು ದ್ವಾರಪಾಲಕನಂತೆ: ನೀರನ್ನೂ ಗಾಳಿಯನ್ನೂ ಹೊರಕ್ಕೆ ಬಿಡುತ್ತದೆ, ಉಗಿಯನ್ನು ಒಳಗೇ ತಡೆಯುತ್ತದೆ. ಟ್ರ್ಯಾಪಿನಿಂದ ಕೋಣೆಗಳು ಸಮನಾಗಿ, ಸದ್ದಿಲ್ಲದೆ ಕಾಯುವಂತಾಯಿತು. ಆದರೆ ಉಗಿಯನ್ನು ತಡೆದಾಗ ಉಗಿಯ ಒತ್ತಡವನ್ನೂ ತಡೆದಂತಾಯಿತಷ್ಟೆ. ಟ್ರ್ಯಾಪಿನ ಆಚೆಯ ಕೊಳವೆಯಲ್ಲಿ ವಾಯುಮಂಡಲದ ಒತ್ತಡವಲ್ಲದೆ ಬೇರೇನೂ ಉಳಿಯಲಿಲ್ಲ. ಈಗ ನೀರಿನ ಎತ್ತರ ತುಂಬಿಕೊಡಬೇಕಾದ ಕೊರತೆ ಅರ್ಧ ಪೌಂಡಲ್ಲ, ಬಾಯ್ಲರಿನ ಪೂರ್ಣ ಒತ್ತಡ. ಅದು 2 ಪೌಂಡಾದರೆ 56 ಅಂಗುಲ. 5 ಪೌಂಡಾದರೆ 140 ಅಂಗುಲ, ಎಂದರೆ ಹನ್ನೆರಡು ಅಡಿಗೆ ಸಮೀಪ. ಯಾವ ನೆಲಮಾಳಿಗೆಯಲ್ಲಿ ಅಷ್ಟು ಸ್ಥಳವಿದ್ದೀತು? ಗುರುತ್ವ ಸೋತದ್ದು ಇಲ್ಲಿ. ಉಗಿಯನ್ನು ಹೆಚ್ಚು ಚೆನ್ನಾಗಿ ಹಂಚಬೇಕೆಂಬ ಪ್ರಯತ್ನವೇ ನೀರಿನ ಹಿಂದಿರುಗುವಿಕೆಯನ್ನು ಕಷ್ಟಕ್ಕೆ ಗುರಿಮಾಡಿತು.

ವಿದ್ಯುತ್ತು ಬರುವ ಮೊದಲು ಈ ಕಷ್ಟಕ್ಕೆ ಹಲವು ಉಪಾಯಗಳಿದ್ದವು. ಉಗಿಯಿಂದಲೇ ನಡೆಯುವ ಪಂಪು ಅವುಗಳಲ್ಲೊಂದು. ಹೆನ್ರಿ ವರ್ದಿಂಗ್ಟನ್ 1840ರ ದಶಕದಲ್ಲಿ ರೂಪಿಸಿದ ಬಗೆಯ ಪಂಪುಗಳು ಎಷ್ಟೋ ನೆಲಮಾಳಿಗೆಗಳಲ್ಲಿ ದಶಕಗಳ ಕಾಲ ದುಡಿದವು. ಫ್ರಾನ್ಸಿನ ಆನ್ರಿ ಜಿಫಾರ್ 1858ರಲ್ಲಿ ಪೇಟೆಂಟ್ ಪಡೆದ ಇಂಜೆಕ್ಟರಿನಲ್ಲಿ ಚಲಿಸುವ ಭಾಗಗಳೇ ಇಲ್ಲ; ಉಗಿಯ ರಭಸದಿಂದಲೇ ನೀರನ್ನು ಬಾಯ್ಲರಿಗೆ ನುಗ್ಗಿಸುವ ಅದ್ಭುತವಾದ ಸಾಧನವದು. ರೈಲ್ವೆ ಎಂಜಿನುಗಳಿಗೆ ಅದು ವರವಾಯಿತು. ಆದರೆ ಉಗಿಯನ್ನು ತಣಿಸಬಲ್ಲ ತಣ್ಣೀರಿದ್ದರೆ ಮಾತ್ರ ಅದರ ಆಟ ನಡೆಯುತ್ತದೆ; ಕುದಿಯುವುದಕ್ಕೆ ಹತ್ತಿರವಿರುವ ಉಗಿನೀರಿನೊಡನೆ ಅದು ಸೋಲುತ್ತದೆ. ಬಾಯ್ಲರಿಗಿಂತ ಮೇಲೆ ಒಂದು ಪಾತ್ರೆಯನ್ನಿಟ್ಟು, ಅದು ತುಂಬಿದಾಗ ಬಾಯ್ಲರಿನ ಉಗಿಯನ್ನೇ ಅದರ ಮೇಲಕ್ಕೆ ಬಿಟ್ಟು ಎರಡೂ ಕಡೆಯ ಒತ್ತಡವನ್ನು ಸಮಮಾಡಿ, ನೀರು ತಾನಾಗಿ ಇಳಿಯುವಂತೆ ಮಾಡುವ ಉಪಾಯವೂ ಬಳಕೆಯಲ್ಲಿತ್ತು. ಇವೆಲ್ಲಕ್ಕೂ ನೋಡಿಕೊಳ್ಳುವ ಆಳು ಬೇಕು, ಅಥವಾ ಬಾಯ್ಲರಿನಲ್ಲಿ ಸಾಕಷ್ಟು ಉಗಿಯಿರಬೇಕು. ಮನೆಯ ಬಾಯ್ಲರಿನ ಒಂದೆರಡು ಪೌಂಡುಗಳ ಮೆಲುಗಾಳಿಯಂಥ ಒತ್ತಡಕ್ಕೆ ಉಗಿಪಂಪು ಏಳುವುದೇ ಕಷ್ಟ.

ನಿಕೋಲ ಟೆಸ್ಲ 1888ರಲ್ಲಿ ಪೇಟೆಂಟ್ ಪಡೆದ ಮೋಟಾರು ಮೊದಲಾದ ಆವಿಷ್ಕಾರಗಳಿಂದ ಸಣ್ಣ ವಿದ್ಯುತ್ ಮೋಟಾರು ಅಗ್ಗವಾದ ಮೇಲೆ ಪರಿಸ್ಥಿತಿ ಬದಲಾಯಿತು. ಉಗಿನೀರಿನ ವಿದ್ಯುತ್ ಪಂಪಿನ ರಚನೆ ಬಹಳ ಸರಳ. ಹಿಂದಿರುಗುವ ಕೊಳವೆಗಳೆಲ್ಲ ಬಂದು ಸೇರುವ ಒಂದು ಕಬ್ಬಿಣದ ತೊಟ್ಟಿ, ಅದರೊಳಗೊಂದು ತೇಲುಗುಂಡು, ಗುಂಡಿಗೆ ಕೂಡಿಸಿದ ಸ್ವಿಚ್ಚು, ತೊಟ್ಟಿಯ ಪಕ್ಕದಲ್ಲಿ ಮೋಟಾರಿನಿಂದ ತಿರುಗುವ ಕೇಂದ್ರಾಪಗಾಮಿ ಪಂಪು, ಪಂಪಿನ ಮುಂದೆ, ಬಾಯ್ಲರಿನ ನೀರು ಹಿಂದಕ್ಕೆ ನುಗ್ಗದಂತೆ ತಡೆಯುವ ಏಕಮುಖ ಕವಾಟ. ತೊಟ್ಟಿ ತುಂಬಿದಾಗ ಗುಂಡು ತೇಲಿ ಸ್ವಿಚ್ಚನ್ನು ಒತ್ತುತ್ತದೆ. ಪಂಪು ಒಂದೆರಡು ನಿಮಿಷ ನಡೆದು ನೀರನ್ನು ಬಾಯ್ಲರಿಗೆ ತಳ್ಳುತ್ತದೆ. ತೊಟ್ಟಿ ಬರಿದಾದಾಗ ನಿಲ್ಲುತ್ತದೆ. ತೊಟ್ಟಿಯಿಂದ ಮೇಲಕ್ಕೆ ಬಯಲಿಗೆ ತೆರೆದ ಒಂದು ಕೊಳವೆಯಿರುತ್ತದೆ. ರೇಡಿಯೇಟರುಗಳಿಂದ ಬಂದ ಗಾಳಿ ಹೊರಹೋಗುವುದು ಅದರಿಂದಲೇ. ಅದರ ಬಾಯಿಂದ ಉಗಿ ಏಳುತ್ತಿದ್ದರೆ ಎಲ್ಲೋ ಒಂದು ಟ್ರ್ಯಾಪ್ ಕೆಟ್ಟಿದೆಯೆಂದು ಅನುಭವಿಗಳು ನೋಡಿದೊಡನೆ ಹೇಳುತ್ತಾರೆ.

ಹೀಗೆ ಹೇಳುವುದರಲ್ಲಿ ಕಾರಣವಿದೆ. ನೀರನ್ನು ಪಂಪಿನ ಬಾಯಿ ಸೆಳೆಯುವ ಕ್ಷಣದಲ್ಲಿ ಅಲ್ಲಿ ಒತ್ತಡ ಸ್ವಲ್ಪ ಇಳಿಯುತ್ತದೆ. ತಣ್ಣೀರಾದರೆ ಚಿಂತೆಯಿಲ್ಲ. ಆದರೆ 100 ಡಿಗ್ರಿಗೆ ಸಮೀಪವಿರುವ ನೀರು ಆ ಅಲ್ಪ ಇಳಿತಕ್ಕೇ ಕುದಿದು ಉಗಿಯ ಗುಳ್ಳೆಗಳಾಗುತ್ತದೆ. ಗುಳ್ಳೆಗಳು ಪಂಪಿನೊಳಗೆ ಮುಂದೆ ಸಾಗಿ ಒಡೆಯುವಾಗ ಜಲ್ಲಿಕಲ್ಲು ಉರುಳಿದಂಥ ಸದ್ದಾಗುತ್ತದೆ. ಪಂಪು ತಿರುಗುತ್ತದೆ, ನೀರು ಮಾತ್ರ ಕದಲುವುದಿಲ್ಲ. ಆದ್ದರಿಂದಲೇ ಬಹು ಬಿಸಿಯಾದ ನೀರಿದ್ದ ಕಡೆ ತೊಟ್ಟಿಯನ್ನು ಕಾಲುಗಳ ಮೇಲೆ ಎತ್ತರಿಸಿ, ಪಂಪನ್ನು ಅದರ ಕೆಳಗಿಟ್ಟು, ನೀರಿನ ತೂಕವೇ ಪಂಪಿನ ಬಾಯಲ್ಲಿ ಒತ್ತಡವಾಗುವಂತೆ ಮಾಡುತ್ತಾರೆ. ಮೇಲಂತಸ್ತಿನ ಯಾವುದೋ ಕೋಣೆಯ ಅಂಗೈಯಗಲದ ಟ್ರ್ಯಾಪ್ ಕೆಟ್ಟು ಉಗಿಯನ್ನು ಹಿಂದಿರುಗುವ ಕೊಳವೆಗೆ ಬಿಟ್ಟರೆ ನೆಲಮಾಳಿಗೆಯ ಪಂಪು ನಿಲ್ಲುತ್ತದೆ; ದೂರು ಬರುವುದು ಪಂಪಿನ ಮೇಲೆ.

ಈಗ ಲೇಖನದ ಮೊದಲಲ್ಲಿ ಎತ್ತಿದ ಪ್ರಶ್ನೆಗೆ ಬರೋಣ. ಮೇಲೆ ವರ್ಣಿಸಿದ ಪಂಪು ಕೇಳುವುದು ತೊಟ್ಟಿಯ ಮಾತನ್ನು. ತೊಟ್ಟಿ ತುಂಬಿತೆಂದರೆ ಬಾಯ್ಲರಿಗೆ ನೀರು ಬೇಕೊ ಬೇಡವೊ ಎಂಬ ವಿಚಾರವಿಲ್ಲದೆ ಅದು ತಳ್ಳುತ್ತದೆ. ತೊಟ್ಟಿ ತುಂಬದಿದ್ದರೆ ಬಾಯ್ಲರು ಬಾಯಾರಿ ಬೆಂದರೂ ಅದು ಕದಲುವುದಿಲ್ಲ. ಹೊರಟ ಉಗಿ ತಕ್ಷಣವೇ ನೀರಾಗಿ ಹಿಂದಿರುಗುವುದಾದರೆ ಇದರಿಂದ ತೊಂದರೆಯಿಲ್ಲ. ಆದರೆ ದೊಡ್ಡ ಕಟ್ಟಡದಲ್ಲಿ ಹಾಗಾಗುವುದಿಲ್ಲ. ಅಮೆರಿಕದ ಎಂಜಿನಿಯರರ ಲೆಕ್ಕದಲ್ಲಿ 10,000 ಚದರ ಅಡಿಯಷ್ಟು ರೇಡಿಯೇಟರುಗಳಿರುವ ಕಟ್ಟಡದಲ್ಲಿ ನಿಮಿಷಕ್ಕೆ ಸುಮಾರು 5 ಅಮೆರಿಕನ್ ಗ್ಯಾಲನ್ ಉಗಿನೀರು ಹುಟ್ಟುತ್ತದೆ. ಚಳಿಗಾಲದ ಬೆಳಗ್ಗೆ, ತಣ್ಣಗಿರುವ ಉದ್ದುದ್ದ ಕೊಳವೆಗಳನ್ನೂ ರೇಡಿಯೇಟರುಗಳನ್ನೂ ಹಾದು ಮೊದಲ ನೀರು ತೊಟ್ಟಿಗೆ ಬರಲು 20 ನಿಮಿಷವಾಯಿತೆನ್ನೋಣ. ಅಷ್ಟರಲ್ಲಿ 100 ಗ್ಯಾಲನ್, ಎಂದರೆ ಸುಮಾರು 380 ಲೀಟರು ನೀರು ಬಾಯ್ಲರಿನಿಂದ ಹೊರಟುಹೋಗಿರುತ್ತದೆ, ಒಂದು ಹನಿಯೂ ಮರಳಿರುವುದಿಲ್ಲ. ಹಳೆಯ ಕಾಲದ ಭಾರಿ ಬಾಯ್ಲರುಗಳ ಹೊಟ್ಟೆ ದೊಡ್ಡದು. ಇಷ್ಟು ನೀರು ಹೋದರೂ ಅವು ತಾಳಿಕೊಳ್ಳುತ್ತಿದ್ದವು. ಹಳೆಯದನ್ನು ಕಿತ್ತು ಸಣ್ಣ ಹೊಟ್ಟೆಯ ಹೊಸ ಬಾಯ್ಲರನ್ನು ಕೂರಿಸಿದಾಗ ಕಷ್ಟ ಮೊದಲಾಯಿತು. ನೀರು ಕೆಳಗಿಳಿದುದನ್ನು ಕಂಡು ಸ್ವಯಂಚಾಲಿತ ಕವಾಟ ಊರಿನ ನಲ್ಲಿಯಿಂದ ಹೊಸ ನೀರನ್ನು ತುಂಬಿಬಿಡುತ್ತದೆ. ಸ್ವಲ್ಪ ಹೊತ್ತಿನಲ್ಲಿಯೇ ದಾರಿಯಲ್ಲಿದ್ದ ಉಗಿನೀರೆಲ್ಲ ತೊಟ್ಟಿಗೆ ಬಂದು, ಪಂಪು ಅದನ್ನೂ ತಳ್ಳಿ, ಬಾಯ್ಲರು ಉಕ್ಕುವಷ್ಟು ತುಂಬುತ್ತದೆ. ಆಗ ಉಗಿಯೊಡನೆ ನೀರೂ ಕೊಳವೆಗಳಿಗೆ ನುಗ್ಗುತ್ತದೆ. ಹೆಚ್ಚಾದ ನೀರನ್ನು ಚರಂಡಿಗೆ ಬಿಡಬೇಕಾಗುತ್ತದೆ. ಮರುದಿನ ಮತ್ತೆ ಇದೇ. ಸೋರಿಕೆ ಎಲ್ಲಿಯೂ ಇಲ್ಲದಿದ್ದರೂ ದಿನದಿನವೂ ಹೊಸ ನೀರು ಒಳಹೋಗುತ್ತಿರುತ್ತದೆ. ಮೇಲೆ ಹೇಳಿದ ಹೆಕ್ಕಳಿಕೆ, ಆಮ್ಲ, ಕೊರೆತ ಇವು ಅದರ ಹಿಂದೆಯೇ ಬರುತ್ತವೆ.

ಪರಿಹಾರ, ಕಂಡಮೇಲೆ, ಅತಿ ಸುಲಭ. ಪಂಪಿನ ಸ್ವಿಚ್ಚನ್ನು ತೊಟ್ಟಿಯಿಂದ ತೆಗೆದು ಬಾಯ್ಲರಿನ ಮೈಗೆ ಕೂಡಿಸುವುದು. ಬಾಯ್ಲರಿನಲ್ಲಿ ನೀರು ಇಳಿದರೆ ಮಾತ್ರ ಪಂಪು ನಡೆಯಬೇಕು. ತೊಟ್ಟಿಯನ್ನು ಮೊದಲಿಗಿಂತ ದೊಡ್ಡದು ಮಾಡಿ, 20 ನಿಮಿಷದ ಕೊರತೆಯನ್ನು ನೀಗಿಸುವಷ್ಟು ನೀರು ಅದರಲ್ಲಿ ಸದಾ ಇರುವಂತೆ ನೋಡಿಕೊಳ್ಳಬೇಕು. ಹೊಸ ನೀರು ಬೇಕಾದರೆ ಅದು ಬಾಯ್ಲರಿಗಲ್ಲ, ತೊಟ್ಟಿಗೆ ಬರಬೇಕು. ಮೊದಲಿನದಕ್ಕೆ ಕಂಡೆನ್ಸೇಟ್ ಪಂಪು, ಎರಡನೆಯದಕ್ಕೆ ಬಾಯ್ಲರ್ ಫೀಡ್ ಪಂಪು ಎಂದು ಹೆಸರು. ಹೊರಗಿನಿಂದ ನೋಡಿದರೆ ಎರಡೂ ಒಂದೇ: ಅದೇ ತೊಟ್ಟಿ, ಅದೇ ಮೋಟಾರು. ಭೇದವಿರುವುದು ಒಂದು ತಂತಿ ಎಲ್ಲಿಂದ ಹೊರಡುತ್ತದೆಂಬುದರಲ್ಲಿ. ವಸ್ತುವನ್ನು ಮಾತ್ರ ನೋಡಿ, ಅದರ ಸಂಬಂಧಗಳನ್ನು ನೋಡದ ಯಂತ್ರಚರಿತ್ರೆ ಈ ಭೇದವನ್ನು ಕಾಣಲಾರದು.

ಈ ಮಾರ್ಪಾಟಿನ ಹಿಂದೆ ಒಬ್ಬ ಮನುಷ್ಯನಿದ್ದಾನೆ, ಆತನನ್ನು ಮರೆಯುವಂತಿಲ್ಲ. ಕಲ್ಲಿದ್ದಲಿನ ಕಾಲದಲ್ಲಿ ಪ್ರತಿ ದೊಡ್ಡ ಕಟ್ಟಡದ ನೆಲಮಾಳಿಗೆಯಲ್ಲಿಯೂ ಬೆಂಕಿ ಕಾಯುವ ಆಳಿರುತ್ತಿದ್ದನು. ಇದ್ದಲನ್ನು ಎರಚುವುದು ಆತನ ಕೆಲಸದ ಒಂದು ಭಾಗ ಮಾತ್ರ. ಬಾಯ್ಲರಿನ ಮುಂದಿನ ಗಾಜಿನ ನಳಿಗೆಯಲ್ಲಿ ನೀರಿನ ಮಟ್ಟವನ್ನು ನೋಡುತ್ತಿರುವುದು, ಬೆಳಗಿನ ಹೊತ್ತು ಅದು ಇಳಿದರೂ ಗಾಬರಿಯಾಗದೆ ಹಿಂದಿರುಗುವ ನೀರಿಗಾಗಿ ಕಾಯುವುದು, ಕಾದರೂ ಬರದಿದ್ದರೆ ಬೆಂಕಿಯನ್ನು ತಗ್ಗಿಸುವುದು ಆತನ ವಿವೇಕಕ್ಕೆ ಸೇರಿದ್ದು. ಇಪ್ಪತ್ತನೆಯ ಶತಮಾನದಲ್ಲಿ ತಾನಾಗಿ ಹೊತ್ತಿ ಆರುವ ಎಣ್ಣೆಯ ಮತ್ತು ಅನಿಲದ ಬರ್ನರುಗಳು ಹರಡಿದಂತೆ ಆ ಆಳು ಅಲ್ಲಿಂದ ಮರೆಯಾದನು. ಆತನ ಕೈಯ ಕೆಲಸ ಬರ್ನರಿಗೆ ಹೋಯಿತು. ಕಣ್ಣಿನ ಕೆಲಸ ಒಂದು ತೇಲುಗುಂಡಿಗೆ ಹೋಯಿತು. ನೀರು ತೀರ ಇಳಿದರೆ ಬೆಂಕಿಯನ್ನು ಆರಿಸುವ ಸ್ವಿಚ್ಚನ್ನು ಬಾಯ್ಲರಿಗೆ ಕೂಡಿಸಿದರು. ಇದು ಪ್ರಾಣರಕ್ಷಕವಾದ ಸಾಧನವೇ. ಆದರೆ ಕಾಯುವ ವಿವೇಕ ಮಾತ್ರ ಯಾರಿಗೂ ಹೋಗಲಿಲ್ಲ. ‘ನೀರು ದಾರಿಯಲ್ಲಿದೆ, ಬರುತ್ತದೆ’ ಎಂಬುದು ಗುಂಡಿಗೆ ತಿಳಿಯದು. ಬಾಯ್ಲರ್ ಫೀಡ್ ಪಂಪಿನ ದೊಡ್ಡ ತೊಟ್ಟಿ ಮಾಡುವುದು ಆ ತಾಳ್ಮೆಯನ್ನು ಕಬ್ಬಿಣದಲ್ಲಿ ಕಟ್ಟುವ ಕೆಲಸವನ್ನು. ಪಂಪು ವಿದ್ಯುತ್ತನ್ನು ಅವಲಂಬಿಸಿದ್ದರಿಂದ ಮತ್ತೊಂದು ಚಿಂತೆಯೂ ಸೇರಿತು. ವಿದ್ಯುತ್ತು ನಿಂತರೆ ಎಣ್ಣೆಯ ಬರ್ನರೂ ನಿಲ್ಲುತ್ತದೆ, ಭಯವಿಲ್ಲ. ಆದರೆ ಕಲ್ಲಿದ್ದಲಿನ ಬೆಂಕಿ ವಿದ್ಯುತ್ತನ್ನು ಕೇಳಿ ಉರಿಯುವುದಿಲ್ಲ. ಪಂಪು ನಿಂತು ಬೆಂಕಿ ಉರಿಯುತ್ತಿರುವ ಆ ನಡುಗಾಲದಲ್ಲಿ ಆಳಿನ ಕಣ್ಣೇ ಗತಿಯಾಗಿತ್ತು.

ನಿರ್ವಾತ ಪಂಪಿನ ವಿಚಾರವನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ಹಿಂದಿರುಗುವ ಕೊಳವೆಯಿಂದ ನೀರಿನೊಡನೆ ಗಾಳಿಯನ್ನೂ ಎಳೆದು ತೆಗೆದರೆ ಉಗಿ ಬೇಗನೆ ಹರಡುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ವಾರನ್ ವೆಬ್‌ಸ್ಟರ್ ಕಂಪನಿ ಮೊದಲಾದವು ಈ ಪದ್ಧತಿಯನ್ನು ಪ್ರಚಾರಕ್ಕೆ ತಂದವು. ಮುಂದೆ, ಹೊರಸುತ್ತಿನಲ್ಲಿ ತಿರುಗುವ ನೀರಿನ ಉಂಗುರವನ್ನೇ ಕೊಂತದಂತೆ ಬಳಸಿಕೊಳ್ಳುವ ಪಂಪು ಬಂದಿತು. 1905ರಲ್ಲಿ ಸ್ಥಾಪಿತವಾದ ನ್ಯಾಶ್ ಎಂಜಿನಿಯರಿಂಗ್ ಕಂಪನಿಯ ಹೆಸರು ಅದರೊಡನೆ ಕೂಡಿಕೊಂಡಿದೆ. ಇಂಥ ಪಂಪಿಗೆ ಇಬ್ಬರು ಒಡೆಯರು: ಒಂದು ತೇಲುಗುಂಡು, ಮತ್ತೊಂದು ನಿರ್ವಾತದ ಮಾಪಕ. ಯಾರು ಕರೆದರೂ ಅದು ಏಳಬೇಕು.

ನೀರನ್ನು ಹಿಂದಕ್ಕೆ ತರದಿರುವ ವ್ಯವಸ್ಥೆಯೂ ಉಂಟು, ಜಗತ್ಪ್ರಸಿದ್ಧವಾದದ್ದೇ ಅಂಥದು. ಬರ್ಡ್‌ಸಿಲ್ ಹಾಲಿ ಎಂಬಾತ 1877ರಲ್ಲಿ ಲಾಕ್‌ಪೋರ್ಟ್ ಪಟ್ಟಣದಲ್ಲಿ ಒಂದೇ ಬಾಯ್ಲರಿನಿಂದ ಹಲವು ಮನೆಗಳಿಗೆ ಬೀದಿಯ ಕೆಳಗಿನ ಕೊಳವೆಗಳಲ್ಲಿ ಉಗಿಯನ್ನು ಹಂಚಿ ತೋರಿಸಿದ ತರುವಾಯ, ನ್ಯೂಯಾರ್ಕಿನ ಮ್ಯಾನ್‌ಹಟನ್ ದ್ವೀಪದ ದಕ್ಷಿಣದಲ್ಲಿ 1882ರ ಮಾರ್ಚಿನಲ್ಲಿ ಉಗಿಯ ಮಾರಾಟ ಆರಂಭವಾಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅದೇ ನೆರೆಹೊರೆಯಲ್ಲಿ ಎಡಿಸನ್ನನ ವಿದ್ಯುದಾಗಾರವೂ ಕೆಲಸ ತೊಡಗಿತು. ಇಂದು ಆ ನಗರದಲ್ಲಿ ಉಗಿಯನ್ನೂ ವಿದ್ಯುತ್ತನ್ನೂ ಮಾರುವುದು ಕನ್ಸಾಲಿಡೇಟೆಡ್ ಎಡಿಸನ್ ಎಂಬ ಒಂದೇ ಕಂಪನಿ. ಎಂಪೈರ್ ಸ್ಟೇಟ್ ಕಟ್ಟಡವೂ ಈ ಉಗಿಯ ಗಿರಾಕಿಯೇ. ಬೀದಿಗಳ ಕೆಳಗೆ ನೂರು ಮೈಲಿಗೂ ಮೀರಿ ಹರಡಿದ ಈ ಜಾಲದಲ್ಲಿ ಉಗಿ ಹೋಗುವ ಕೊಳವೆಯಿದೆ, ನೀರು ಬರುವ ಕೊಳವೆಯಿಲ್ಲ. ಕಟ್ಟಡದವರು ಉಗಿನೀರನ್ನು ತಣಿಸಿ ಚರಂಡಿಗೆ ಬಿಡುತ್ತಾರೆ. ಅದರ ಶಾಖವನ್ನು ಬೇರೆ ಕೆಲಸಕ್ಕೆ ಬಳಸಿಕೊಳ್ಳುವ ಜಾಣತನ ಕೆಲವರಲ್ಲಿದೆ. ಬಾಯ್ಲರಾದರೋ ಸದಾ ಹೊಸ ನೀರನ್ನು ಶುದ್ಧಿಮಾಡಿ ಕುಡಿಯಬೇಕು. ದೂರ ಹೆಚ್ಚಾದಾಗ, ಆಮ್ಲದಿಂದ ಕೊರೆಯುವ ಎರಡನೆಯ ಕೊಳವೆಜಾಲವನ್ನು ಹೂತು ಕಾಪಾಡುವುದಕ್ಕಿಂತ ಇದೇ ಅಗ್ಗವೆಂಬುದು ಅಲ್ಲಿನ ಲೆಕ್ಕ. ಈ ಲೆಕ್ಕದಲ್ಲಿ ಊರಿನ ನೀರಿಗೆ ಬೆಲೆ ಕಟ್ಟಿರುವುದು ಬಹಳ ಕಡಮೆಯೆಂದು ನನಗೆ ತೋರುತ್ತದೆ. ನಮ್ಮ ನಾಡಿನ ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬಿನ ಹಾಲನ್ನು ಕಾಯಿಸಿ ತಣಿದ ಉಗಿನೀರನ್ನು, ಸಕ್ಕರೆಯ ಅಂಶ ಸೇರಿದೆಯೆ ಎಂದು ಪರೀಕ್ಷಿಸಿ, ಸೇರಿಲ್ಲದಿದ್ದರೆ ಬಾಯ್ಲರಿಗೇ ಮರಳಿಸುವ ಪದ್ಧತಿಯನ್ನು ಕಂಡವರಿಗೆ ನ್ಯೂಯಾರ್ಕಿನ ಪದ್ಧತಿ ದುಂದಾಗಿ ಕಾಣುವುದು ಸಹಜ.

ಹಿಂದಕ್ಕೆ ತರದಿದ್ದರೂ ಉಗಿನೀರನ್ನು ಕೊಳವೆಯಲ್ಲಿ ನಿಲ್ಲಗೊಡಬಾರದು. ಉಗಿ ತಣಿದರೆ ಅದರ ಗಾತ್ರ ಸುಮಾರು 1,670ರಲ್ಲಿ ಒಂದು ಪಾಲಿಗೆ ಕುಗ್ಗುತ್ತದೆ. ನಿಂತ ನೀರಿನ ನಡುವೆ ಸಿಕ್ಕಿದ ಉಗಿಯ ಗುಳ್ಳೆ ಹಠಾತ್ತನೆ ಕುಗ್ಗಿದಾಗ ಎರಡೂ ಕಡೆಯ ನೀರು ಆ ಶೂನ್ಯಕ್ಕೆ ನುಗ್ಗಿ ಸುತ್ತಿಗೆಯಂತೆ ಹೊಡೆಯುತ್ತದೆ. 2007ರ ಜುಲೈ 18ರಂದು ಮ್ಯಾನ್‌ಹಟನ್ನಿನ ಲೆಕ್ಸಿಂಗ್ಟನ್ ಅವೆನ್ಯೂವಿನಲ್ಲಿ, 41ನೆಯ ಬೀದಿಯ ಬಳಿ, 1924ರಲ್ಲಿ ಹೂತಿದ್ದ ಉಗಿಯ ಕೊಳವೆಯೊಂದು ಹೀಗೆಯೇ ಸಿಡಿಯಿತು. ಮಳೆಯ ನೀರಿನಿಂದ ಕೊಳವೆ ತಣಿದು ಒಳಗೆ ಉಗಿನೀರು ಹೆಚ್ಚಿತ್ತು. ಅದನ್ನು ಹೊರಬಿಡಬೇಕಾಗಿದ್ದ ಟ್ರ್ಯಾಪುಗಳು, ಸೋರಿಕೆಯನ್ನು ಮುಚ್ಚಲು ಬಳಸಿದ್ದ ಅಂಟಿನ ಚೂರುಗಳಿಂದ ಕಟ್ಟಿಹೋಗಿದ್ದವೆಂದು ತನಿಖೆಯಿಂದ ತಿಳಿದುಬಂದಿತು. ಬೀದಿ ಬಾಯಿಬಿಟ್ಟು ಬಹುಮಹಡಿ ಕಟ್ಟಡದೆತ್ತರಕ್ಕೆ ಉಗಿ ಚಿಮ್ಮಿತು. ಒಬ್ಬರು ಸತ್ತರು, ಹಲವರು ಗಾಯಗೊಂಡರು.

ಈಚಿನ ವರ್ಷಗಳಲ್ಲಿ ಅಮೆರಿಕದ ಕೆಲವು ವಿಶ್ವವಿದ್ಯಾನಿಲಯಗಳು ತಮ್ಮ ಆವರಣದ ಉಗಿಯ ಜಾಲವನ್ನೇ ತೆಗೆದು ಬಿಸಿನೀರಿನ ಜಾಲವನ್ನು ಹಾಕಿಸಿವೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಈ ಕೆಲಸ 2015ರಲ್ಲಿ ಮುಗಿಯಿತು. ಬಿಸಿನೀರಿನ ಕೊಳವೆ ಯಾವಾಗಲೂ ತುಂಬಿರುವುದರಿಂದ ಹೋದಷ್ಟು ನೀರು ಅದೇ ಕ್ಷಣದಲ್ಲಿ ಹಿಂದಿರುಗುತ್ತಿರುತ್ತದೆ. ಅಲ್ಲಿಯೂ ಪಂಪು ಉಂಟು, ಆದರೆ ಅದು ನೀರನ್ನು ಸುತ್ತಿಸುತ್ತದೆ, ಅಷ್ಟೆ, ಕಾಯಬೇಕಾದದ್ದೇನೂ ಇಲ್ಲ. ಉಗಿಯನ್ನು ಬಿಡದ ಹಳೆಯ ಶಾಲೆ, ಚರ್ಚು, ವಸತಿಗೃಹಗಳ ನೆಲಮಾಳಿಗೆಗಳಲ್ಲಿ ಮಾತ್ರ ಚಳಿಗಾಲದ ಬೆಳಗ್ಗೆ ತೊಟ್ಟಿಯ ಪಕ್ಕದ ಮೋಟಾರು ಒಂದೆರಡು ನಿಮಿಷ ಗುಂಯ್‌ಗುಟ್ಟಿ ನಿಲ್ಲುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಏಳುತ್ತದೆ.